ಒಂದು ಟಾಮಿ ಗನ್ನಿನೊಳಗೆ ಎಷ್ಟು ಟಾಮಿ ಗನ್ನುಗಳು?

ಇವತ್ತಿನ ವಿಷಯ ಥಾಂಪ್ಸನ್ ಸಬ್‌ಮಷೀನ್ ಗನ್. ಹೆಸರು ಗೊತ್ತಿಲ್ಲದಿದ್ರೂ ಆಕಾರ ನಿಮಗೆ ಗೊತ್ತು. ಹಳೇ ಶಿಕಾಗೋ ಗ್ಯಾಂಗ್‌ಸ್ಟರ್ ಸಿನಿಮಾಗಳಲ್ಲಿ ಹ್ಯಾಟು, ಕೋಟು ಹಾಕ್ಕೊಂಡವರು ಹಿಡಿದಿರ್ತಾರಲ್ಲ, ಹೊಟ್ಟೆಯ ಕೆಳಗೆ ದುಂಡನೆ ಡಬ್ಬಿ ಕಟ್ಟಿಕೊಂಡ ಬಂದೂಕು, ಅದೇ ‘ಟಾಮಿ ಗನ್’. ಪಿಸ್ತೂಲಿಗೆ ಹಾಕುವ ಪಾಯಿಂಟ್ 45 ಗುಂಡನ್ನೇ ಹಾಕಿ, ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಹಾರಿಸುತ್ತಲೇ ಇರುವ ಯಂತ್ರ. ‘ಸಬ್‌ಮಷೀನ್ ಗನ್’ ಅನ್ನೋ ಹೆಸರನ್ನು ಚಾಲ್ತಿಗೆ ತಂದವರೂ ಇದನ್ನು ಮಾಡಿದ ಆಟೋ ಆರ್ಡ್‌ನೆನ್ಸ್ ಕಂಪನಿಯವರೇ.

ಅಮೆರಿಕದಲ್ಲಿ ಇದನ್ನು ಸಂಗ್ರಹಿಸುವವರಿದ್ದಾರೆ. ಅವರು ಸ್ಕ್ರೂ, ಸ್ಪ್ರಿಂಗು, ಮರದ ಹಿಡಿ ಅಂತ ಒಂದೊಂದನ್ನೂ ಭೂತಗನ್ನಡಿ ಹಿಡಿದು ನೋಡ್ತಾರೆ. ಯಾಕೆ, ಹೇಗೆ ಅನ್ನೋದೇ ಇವತ್ತಿನ ಮಾತು.

ಮೊದಲು ನಮ್ಮ ದೇಶದ ಕಾನೂನು ಹೇಳಿಬಿಡ್ತೀನಿ, ಆಮೇಲೆ ನೆಮ್ಮದಿಯಾಗಿ ಮಾತಾಡಬಹುದು. 1959ರ ಆಯುಧ ಕಾಯ್ದೆಯ ಪ್ರಕಾರ ಟ್ರಿಗರ್ ಬಿಡುವ ತನಕ ಹಾರುತ್ತಲೇ ಇರುವ ಬಂದೂಕು ‘ನಿಷಿದ್ಧ ಆಯುಧ’. ಮಾಮೂಲಿ ಲೈಸೆನ್ಸಿನಲ್ಲಿ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಕೊಡಗಿನ ಗೆಳೆಯರು ‘ನಮಗೆ ವಿನಾಯಿತಿ ಇದೆ’ ಅಂತ ಹೇಳೋದು ನಿಜವೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಆದರೆ ಅದು ಕೋವಿಗೆ, ಇಂಥ ಯಂತ್ರಕ್ಕಲ್ಲ. ಹಾಗಾಗಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತ ನಮಗೆ ಇದು ನೋಡಿ, ಓದಿ ತಿಳಿಯುವ ವಿಷಯ, ಅಷ್ಟೇ.

ಈಗ ಒಂದು ಪಕ್ಕದ ದಾರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಗಾಡಿಗಳನ್ನು ಹುಡುಕಿ ಕೊಳ್ಳುವವರು ನಿಮಗೆ ಗೊತ್ತಿರ್ತಾರೆ. ಅವರು ಮೊದಲು ಕೇಳೋದೇ ಇಂಜಿನ್ ನಂಬರ್ ಮತ್ತು ಚಾಸಿ ನಂಬರ್. ಆರ್‌ಟಿಓ ಲೆಕ್ಕದಲ್ಲಿ ಗಾಡಿ ಅಂದರೆ ಚಾಸಿ. ಟ್ಯಾಂಕು, ಸೀಟು, ಕಾರ್ಬುರೇಟರ್ ಬದಲಾಯಿಸಿ, ಗಾಡಿ ಅದೇ ಗಾಡಿ. ಚಾಸಿ ಹೋದರೆ ಗಾಡಿಯೇ ಹೋಯ್ತು. ಆದರೆ ಹುಚ್ಚು ಹಿಡಿದ ಸಂಗ್ರಾಹಕನಿಗೆ ಅಷ್ಟು ಸಾಲೋದಿಲ್ಲ. ಅವನಿಗೆ ಕಾರ್ಖಾನೆಯಿಂದ ಹೊರಬಂದ ದಿನ ಅದರ ಮೇಲೆ ಯಾವ ಸ್ಪೀಡೋಮೀಟರ್ ಇತ್ತೋ ಅದೇ ಬೇಕು.

ಥಾಂಪ್ಸನ್ ಕಥೆಯೂ ಹೀಗೇ. ಅಮೆರಿಕದ ಕಾನೂನಿನ ಕಣ್ಣಿಗೆ ಈ ಗನ್ ಅಂದರೆ ರಿಸೀವರ್ ಮಾತ್ರ. ರಿಸೀವರ್ ಅಂದರೆ ಮಧ್ಯದ ಉಕ್ಕಿನ ಮೈ, ನಂಬರ್ ಹೊಡೆದಿರುವ ಜಾಗ. ನಳಿಗೆ, ಬೋಲ್ಟ್, ಟ್ರಿಗರ್ ಫ್ರೇಮ್, ಮರದ ಬಟ್ ಇವೆಲ್ಲ ಬಿಡಿಭಾಗ. 1934ರಲ್ಲಿ ಅಲ್ಲಿ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಬಂತು. ಇಂಥ ಗನ್ ಒಬ್ಬರಿಂದ ಒಬ್ಬರಿಗೆ ಹೋಗಬೇಕಾದರೆ ಸರ್ಕಾರದಲ್ಲಿ ನೋಂದಣಿ ಆಗಬೇಕು, 200 ಡಾಲರ್ ತೆರಿಗೆ ಕಟ್ಟಬೇಕು. ಆಗ ಹೊಸಾ ಥಾಂಪ್ಸನ್ ಬೆಲೆಯೇ ಸುಮಾರು ಅಷ್ಟಿತ್ತು. ಅಂದರೆ ಗನ್ನಿನಷ್ಟೇ ತೆರಿಗೆ. 1968ರಲ್ಲಿ ಖಾಸಗಿಯವರಿಗಾಗಿ ಹೊರದೇಶದಿಂದ ತರಿಸುವುದು ನಿಂತಿತು. 1986ರ ಮೇ 19ರಿಂದ ಹೊಸ ನೋಂದಣಿಯೂ ಖಾಸಗಿಯವರಿಗೆ ಬಂದ್. ಆ ದಿನಕ್ಕೆ ಪುಸ್ತಕದಲ್ಲಿ ಎಷ್ಟಿದ್ದವೋ ಅಷ್ಟೇ, ಇನ್ನೊಂದು ಸೇರೋದಿಲ್ಲ.

ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆ ಮುಂದಿನದು ವಿವರಿಸಬೇಕಾಗಿಲ್ಲ. ಪೂರೈಕೆ ನಿಂತಿತು, ಆಸೆ ನಿಲ್ಲಲಿಲ್ಲ. ಇವತ್ತು ನೋಂದಣಿ ಇರುವ ಒಂದು ಥಾಂಪ್ಸನ್‌ಗೆ ಹತ್ತಾರು ಸಾವಿರ ಡಾಲರ್. ಅದರಲ್ಲೂ ‘ಪೂರ್ತಿ ಒರಿಜಿನಲ್’ ಅಂದರೆ ಬೆಲೆ ಇನ್ನೂ ಮೇಲೆ. ಎರಡು ಗನ್ನುಗಳ ರಿಸೀವರ್ ಒಂದೇ ಕಾಲದ್ದಾಗಿದ್ದರೂ ಮೇಲಿನ ನಳಿಗೆ, ಬಟ್, ಬಣ್ಣ ಯಾವ ಕಾಲದ್ದು ಅನ್ನೋದರ ಮೇಲೆ ಬೆಲೆ ಎಲ್ಲಿಂದೆಲ್ಲಿಗೋ ಹೋಗುತ್ತೆ. ಇಷ್ಟು ದುಡ್ಡು ಓಡಾಡುವ ಕಡೆ ಬಿಡಿಭಾಗ ಬದಲಾಯಿಸುವ ಕೈಗಳೂ ಓಡಾಡುತ್ತವೆ.

ಹಾಗಾದರೆ ಗುರುತಿಸೋದು ಹೇಗೆ? ಹುಟ್ಟಿದ್ದೆಲ್ಲಿ ಅನ್ನೋದರಿಂದ ಶುರು ಮಾಡೋಣ.

ಜಾನ್ ಟಿ. ಥಾಂಪ್ಸನ್ ಅಮೆರಿಕ ಸೈನ್ಯದ ಆಯುಧ ವಿಭಾಗದಲ್ಲಿದ್ದ ಅಧಿಕಾರಿ. ಆಟೋ ಆರ್ಡ್‌ನೆನ್ಸ್ ಕಂಪನಿ ಶುರುವಾದದ್ದು 1916ರಲ್ಲಿ. ಸ್ವಂತ ಕಾರ್ಖಾನೆ ಇರಲಿಲ್ಲ, ಆದ್ದರಿಂದ 1920ರಲ್ಲಿ ಹಾರ್ಟ್‌ಫರ್ಡ್‌ನ ಕೋಲ್ಟ್ ಕಂಪನಿಗೆ 15,000 ಗನ್ ಮಾಡಿಕೊಡೋಕೆ ಗುತ್ತಿಗೆ ಕೊಟ್ಟರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಔಟ್‌ಸೋರ್ಸಿಂಗ್. ಮೊದಲನೇ ಮಹಾಯುದ್ಧಕ್ಕೆ ಅಂತ ಯೋಚಿಸಿದ ಗನ್ ಯುದ್ಧ ಮುಗಿದ ಮೇಲೆ ಮಾರುಕಟ್ಟೆಗೆ ಬಂತು. ಕೊಳ್ಳುವವರಿಲ್ಲ. ಆ ಹದಿನೈದು ಸಾವಿರ ಖರ್ಚಾಗೋಕೆ ಹೆಚ್ಚುಕಡಿಮೆ ಎರಡನೇ ಮಹಾಯುದ್ಧದ ತನಕ ಕಾಯಬೇಕಾಯ್ತು. ಇವತ್ತಿನ ಸಂಗ್ರಾಹಕರಿಗೆ ಅದೇ ಬಂಗಾರ.

ಕೋಲ್ಟ್ ಮಾಡಿದ ಗನ್ ಒಂದು ಕೆತ್ತನೆ ಕೆಲಸದ ಹಾಗೆ. ಉಕ್ಕನ್ನು ನುಣ್ಣಗೆ ತಿಕ್ಕಿ ಆಳವಾದ ನೀಲಿ ಬಣ್ಣ ಬರಿಸಿದ್ದಾರೆ. ನಳಿಗೆಯ ಮೇಲೆ ಬೈಕ್ ಇಂಜಿನ್ ರೆಕ್ಕೆಗಳ ಥರ ಸಾಲಾಗಿ ಬಳೆಗಳು, ಶಾಖ ಹೊರಗೆ ಹೋಗಲಿ ಅಂತ. ಗುರಿ ನೋಡೋಕೆ ಲೈಮನ್ ಕಂಪನಿಯ, ಮೇಲೆ ಕೆಳಗೆ ಮತ್ತು ಪಕ್ಕಕ್ಕೆ ಹೊಂದಿಸಬಹುದಾದ ಸೈಟ್. ಮರ ವಾಲ್ನಟ್, ಅಂದರೆ ಅಕ್ರೋಟು. ಆ ಮರದ ಭಾಗಗಳನ್ನು ಮಾಡಿಕೊಟ್ಟದ್ದು ರೆಮಿಂಗ್ಟನ್. ರಿಸೀವರ್ ಮೇಲೊಂದು ನಂಬರ್, ಟ್ರಿಗರ್ ಫ್ರೇಮ್ ಮೇಲೂ ಅದೇ ನಂಬರ್. ಎರಡೂ ಒಂದೇ ಆಗಿದ್ದರೆ ಸಂಗ್ರಾಹಕರ ಭಾಷೆಯಲ್ಲಿ ‘ಮ್ಯಾಚಿಂಗ್’. ಗಾಡಿಯವರು ಬಳಸುವ ಪದವೇ.

ಒಳಗೆ ಇನ್ನೊಂದು ಸಣ್ಣ ವಸ್ತು. ಇಂಗ್ಲಿಷ್ ಎಚ್ ಅಕ್ಷರದಾಕಾರದ ಕಂಚಿನ ತುಂಡು, ಹೆಸರು ಬ್ಲಿಷ್ ಲಾಕ್. ನೌಕಾಪಡೆಯ ಜಾನ್ ಬ್ಲಿಷ್ ಎಂಬ ಅಧಿಕಾರಿಯ ಪೇಟೆಂಟ್. ಬೇರೆ ಬೇರೆ ಲೋಹಗಳ ಓರೆ ಮೈಗಳು ಜೋರಾದ ಒತ್ತಡದಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಒತ್ತಡ ಇಳಿದ ಮೇಲೆ ಜಾರುತ್ತವೆ ಅನ್ನೋದು ಅವರ ವಾದ. ಪಾಪ, ಈ ಗನ್ನಿಗೆ ಅದರ ಅಗತ್ಯವೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಆದರೂ ಎರಡು ದಶಕ ಆ ಕಂಚನ್ನು ಕೆತ್ತುತ್ತಲೇ ಇದ್ದರು. ಹಳೇ ಪ್ರಾಜೆಕ್ಟ್ ಕೋಡ್‌ನಲ್ಲಿ ‘ಇದನ್ನು ತೆಗೀಬೇಡಿ’ ಅಂತ ಬರೆದಿಟ್ಟ ಸಾಲುಗಳು ನೆನಪಾಗುತ್ತವೆ.

1928ರ ನೌಕಾಪಡೆ ಮಾದರಿ ನನಗೆ ಇಡೀ ವಿಷಯದಲ್ಲೇ ಅತಿ ಇಷ್ಟವಾದದ್ದು. ನಿಮಿಷಕ್ಕೆ ಎಂಟುನೂರು ಗುಂಡಿನ ಆಸುಪಾಸು ಹಾರೋದು ಜಾಸ್ತಿಯಾಯ್ತು, ಕಡಿಮೆ ಮಾಡಿ ಅಂತ ನೌಕಾಪಡೆ ಕೇಳಿತು. ಗೋದಾಮಿನಲ್ಲಿ 1921ರ ಮಾಲೇ ಬಿದ್ದಿತ್ತು. ಹೊಸದು ಯಾಕೆ ಮಾಡಬೇಕು? ಬೋಲ್ಟ್ ಜೊತೆ ಓಡಾಡುವ ಆಕ್ಚುಯೇಟರ್ ಅನ್ನೋ ಭಾಗವನ್ನು ಭಾರ ಮಾಡಿದರು, ವೇಗ ತಗ್ಗಿತು. ಆಮೇಲೆ ‘1921’ ಅಂತಿದ್ದ ಕಡೆ ಕೊನೆಯ 1ರ ಮೇಲೆ 8 ಹೊಡೆದರು. ಮೇಲೆ ‘ಯು.ಎಸ್. ನೇವಿ’ ಅಂತ ಸೇರಿಸಿದರು. ಆಯ್ತು, 1928ರ ಮಾದರಿ.

ನಿಜವಾದ ಆ ಗನ್ನಿನಲ್ಲಿ 8ರ ಕೆಳಗೆ 1 ಇಣುಕುತ್ತಿರುತ್ತೆ. ಚೆನ್ನಾಗಿ ಕಂಡರೆ ಸಂಗ್ರಾಹಕನಿಗೆ ಖುಷಿ. ಲೋಹಕ್ಕೆ ಅಚ್ಚು ಹೊಡೆದಾಗ ಅಕ್ಷರದ ಅಂಚಿನಲ್ಲಿ ಲೋಹ ಸ್ವಲ್ಪ ಉಬ್ಬಿ ನಿಲ್ಲುತ್ತೆ. ಯಾರಾದರೂ ಆಮೇಲೆ ಮೈ ತಿಕ್ಕಿ ಹೊಸದಾಗಿ ಬಣ್ಣ ಬರಿಸಿದ್ದರೆ ಆ ಉಬ್ಬು ಹೋಗಿ ಅಕ್ಷರಗಳು ಬಿಸಿಲಿಗಿಟ್ಟ ಬೆಣ್ಣೆ ಥರ ಮೆತ್ತಗಾಗಿರುತ್ತವೆ. ಮೂಲೆಗಳ ಚೂಪು ಹೋಗಿರುತ್ತೆ, ಸ್ಕ್ರೂ ತೂತಿನ ಸುತ್ತ ಸಣ್ಣ ತಗ್ಗು ಬಿದ್ದಿರುತ್ತೆ. ಹಾಗೇ ಹೊರಗೆ 1928 ಅಂತಿದ್ದು ಒಳಗೆ 1921ರ ಹಗುರ ಆಕ್ಚುಯೇಟರ್ ಇದ್ದರೆ, ನಡುವೆ ಯಾರದೋ ಕೈ ಆಡಿದೆ ಅಂತ ಅರ್ಥ.

ಇಲ್ಲಿಯವರೆಗೆ ಸುಲಭ. ಕಷ್ಟ ಶುರುವಾಗೋದು ಯುದ್ಧದ ಗನ್ನುಗಳಲ್ಲಿ.

1939ರಲ್ಲಿ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡ ಮೇಲೆ ಬ್ರಿಟನ್ ಕೇಳಿತು, ಫ್ರಾನ್ಸ್ ಕೇಳಿತು, ಆಮೇಲೆ ಅಮೆರಿಕದ ಸೈನ್ಯವೇ ಕೇಳಿತು. ಯುದ್ಧ ಮುಗಿಯುವ ಹೊತ್ತಿಗೆ ಹದಿಮೂರು ಲಕ್ಷಕ್ಕೂ ಹೆಚ್ಚು ಥಾಂಪ್ಸನ್ ತಯಾರಾಗಿದ್ದವು. ಮಾಡಿದ್ದು ಮುಖ್ಯವಾಗಿ ಎರಡು ಕಡೆ. ಒಂದು ನ್ಯೂಯಾರ್ಕ್ ರಾಜ್ಯದ ಯೂಟಿಕಾ ಊರಿನ ಸ್ಯಾವೇಜ್ ಕಾರ್ಖಾನೆ, ಇನ್ನೊಂದು 1941ರಲ್ಲಿ ಬ್ರಿಡ್ಜ್‌ಪೋರ್ಟ್‌ನಲ್ಲಿ ಶುರುವಾದ ಆಟೋ ಆರ್ಡ್‌ನೆನ್ಸ್‌ನ ಸ್ವಂತ ಕಾರ್ಖಾನೆ. ಗಮ್ಮತ್ತು ನೋಡಿ, ಯೂಟಿಕಾದಲ್ಲಿ ಮಾಡಿದ ಗನ್ ಮೇಲೂ ‘ಬ್ರಿಡ್ಜ್‌ಪೋರ್ಟ್’ ಅಂತ ವಿಳಾಸ ಇರುತ್ತೆ. ಮೈಮೇಲಿನ ವಿಳಾಸ ನಂಬಿದರೆ ಕೆಟ್ಟಿರಿ. ಎಂ1928ಎ1 ಮಾದರಿಯಲ್ಲಿ ನಂಬರಿನ ಹಿಂದೆ ‘ಎಸ್’ ಅಂತಿದ್ದರೆ ಸ್ಯಾವೇಜ್, ‘ಎ.ಓ.’ ಅಂತಿದ್ದರೆ ಬ್ರಿಡ್ಜ್‌ಪೋರ್ಟ್. ಸ್ಯಾವೇಜ್‌ನವರು ಎಷ್ಟೋ ಬಿಡಿಭಾಗಗಳ ಮೇಲೂ ಪುಟ್ಟದಾಗಿ ‘ಎಸ್’ ಹೊಡೆದಿರುತ್ತಾರೆ. ಆಮೇಲೆ ತಪಾಸಣೆಯವರ ಅಕ್ಷರಗಳು. ‘ಆರ್‌ಎಲ್‌ಬಿ’ ಅಂದರೆ ಸೈನ್ಯದ ಪರವಾಗಿ ನೋಡುತ್ತಿದ್ದ ರೇ ಎಲ್. ಬೌಲಿನ್. ‘ಜಿಇಜಿ’ ಅಂದರೆ ಆಟೋ ಆರ್ಡ್‌ನೆನ್ಸ್‌ನ ಜಾರ್ಜ್ ಇ. ಗಾಲ್. ನಮ್ಮಲ್ಲಿ ಕೋಡ್ ರಿವ್ಯೂ ಮಾಡಿದವರ ಹೆಸರು ಉಳಿಯುತ್ತಲ್ಲ, ಹಾಗೆ.

ಯುದ್ಧ ಜೋರಾದ ಹಾಗೆ ಗನ್ ಬಡವಾಗುತ್ತಾ ಹೋಯ್ತು. 1939ರಲ್ಲಿ ಸುಮಾರು 209 ಡಾಲರ್ ಬೀಳುತ್ತಿದ್ದದ್ದು 1944ಕ್ಕೆ ಸುಮಾರು 45ಕ್ಕೆ ಇಳಿಯಿತು. ಉಳಿತಾಯ ಎಲ್ಲಿ ಮಾಡಿದರು ಅಂತ ಬಿಡಿಭಾಗಗಳೇ ಹೇಳುತ್ತವೆ. ಲೈಮನ್ ಸೈಟ್ ಹೋಗಿ ತಗಡು ಬಗ್ಗಿಸಿದ ಒಂದು ತೂತಿನ ಸೈಟ್ ಬಂತು. ನಳಿಗೆಯ ಬಳೆಗಳು ಹೋಗಿ ಬೋಳು ನಳಿಗೆ ಬಂತು. ಮುಂದಿದ್ದ ಲಂಬ ಹಿಡಿ ಹೋಗಿ ಮಲಗಿದ ಮರದ ತುಂಡು ಬಂತು. 1942ರಲ್ಲಿ ಸ್ಯಾವೇಜ್‌ನವರು ಬ್ಲಿಷ್ ಲಾಕ್ ಅನ್ನೇ ಕಿತ್ತು ಹಾಕಿದರು. ಅದೇ ಎಂ1. ಬೋಲ್ಟ್ ಎಳೆಯುವ ಗುಬುಟು ತಲೆ ಮೇಲಿಂದ ಬಲಗಡೆಗೆ ಹೋಯ್ತು, ದುಂಡನೆ ಡಬ್ಬಿ ಹಾಕುವ ಅವಕಾಶ ಹೋಯ್ತು, ಬಟ್ ಬಿಚ್ಚಲಾಗದ ಹಾಗೆ ಗಟ್ಟಿಯಾಯ್ತು. ಅದೇ ವರ್ಷ ಎಂ1ಎ1 ಬಂತು. ಗುಂಡಿನ ಹಿಂಬದಿಗೆ ಕುಟ್ಟುವ ಮೊಳೆ ಅದರಲ್ಲಿ ಬೇರೆ ಭಾಗವಾಗಿರದೆ ಬೋಲ್ಟ್ ಮುಖದಲ್ಲೇ ಕೆತ್ತಿದ್ದು.

ಸರಿ, ಹಾಗಾದರೆ 1942ರ ಸ್ಯಾವೇಜ್ ಗನ್ನಿನಲ್ಲಿ ಎಲ್ಲಾ ಭಾಗದ ಮೇಲೂ ‘ಎಸ್’ ಇರಬೇಕು, ಇಲ್ಲದಿದ್ದರೆ ನಕಲಿ ಅಂತ ಹೇಳಬಹುದಾ? ಇಲ್ಲೇ ಹೊಸಬರು ಎಡವೋದು.

ಯುದ್ಧದಲ್ಲಿ ಬಳಸಿದ ಗನ್ನುಗಳು ಆರ್ಸೆನಲ್‌ಗೆ, ಅಂದರೆ ಸೈನ್ಯದ ದುರಸ್ತಿ ಕೇಂದ್ರಕ್ಕೆ ವಾಪಸ್ ಬರುತ್ತಿದ್ದವು. ಅಲ್ಲಿ ಒಂದೊಂದೇ ಗನ್ ರಿಪೇರಿ ಮಾಡುತ್ತಾ ಕೂರೋದಿಲ್ಲ. ಗನ್ನುಗಳನ್ನು ರಾಶಿಯಾಗಿ ಬಿಚ್ಚಿ, ತೊಳೆದು, ಬೋಲ್ಟ್ ಒಂದು ತೊಟ್ಟಿಗೆ, ಫ್ರೇಮ್ ಒಂದು ತೊಟ್ಟಿಗೆ, ಬಟ್ ಒಂದು ತೊಟ್ಟಿಗೆ. ಸವೆದದ್ದು ಕಸಕ್ಕೆ. ಮತ್ತೆ ಜೋಡಿಸುವಾಗ ಕೈಗೆ ಸಿಕ್ಕಿದ್ದು ಹಾಕು. ಮದುವೆ ಮನೆ ಬಾಗಿಲಲ್ಲಿ ಚಪ್ಪಲಿ ಹುಡುಕಿದ ಹಾಗೆ, ಕಾಲಿಗೆ ಆದರೆ ಸಾಕು. ಹೀಗೆ ಸ್ಯಾವೇಜ್ ರಿಸೀವರ್‌ಗೆ ಬ್ರಿಡ್ಜ್‌ಪೋರ್ಟ್ ಫ್ರೇಮ್ ಬಂತು. ಎಂ1 ಮೈಯೊಳಗೆ ಎಂ1ಎ1 ಬೋಲ್ಟ್ ಬಂತು, ಯಾಕೆಂದರೆ ಅದು ಸರಳ. ಮೂಲದ ನೀಲಿ ಕಪ್ಪು ಹೋಗಿ ಬೂದು ಹಸಿರಿನ ಒರಟು ಪಾರ್ಕರೈಸಿಂಗ್ ಲೇಪ ಬಂತು. ಕೊನೆಗೆ ದುರಸ್ತಿ ಕೇಂದ್ರದ ಗುರುತಾಗಿ ಒಂದೆರಡು ಅಕ್ಷರದ ಅಚ್ಚು.

ಈ ಗನ್ನಿನಲ್ಲಿ ನಂಬರ್ ಮ್ಯಾಚ್ ಆಗೋದಿಲ್ಲ, ಬಣ್ಣ ಕಾರ್ಖಾನೆಯದ್ದಲ್ಲ. ಆದರೂ ಇದು ನಕಲಿ ಅಲ್ಲ! 1945ರಲ್ಲಿ ಸೈನಿಕನ ಕೈಗೆ ಬಂದದ್ದು ಇದೇ ರೂಪದಲ್ಲಿ. ಕಾರ್ಖಾನೆಯ ‘ಒರಿಜಿನಲ್’ ಬೇರೆ, ಸೈನ್ಯದ ‘ಒರಿಜಿನಲ್’ ಬೇರೆ. ಯಾರಾದರೂ ‘ಒರಿಜಿನಲ್’ ಅಂದರೆ ಮೊದಲು ಕೇಳಬೇಕಾದ್ದು ‘ಯಾವ ವರ್ಷದ ಒರಿಜಿನಲ್?’ ಅಂತ.

ಈಗ ನನಗೆ ಹೊಟ್ಟೆ ಉರಿಯುವ ವಿಷಯಕ್ಕೆ ಬರ್ತೀನಿ. ಎಷ್ಟೋ ಜನ ಇಂಥ ಮಿಶ್ರ ಗನ್ ಕೊಂಡು ಅದನ್ನು ‘ಸರಿ’ ಮಾಡಲು ಕೂರುತ್ತಾರೆ. ಬ್ರಿಡ್ಜ್‌ಪೋರ್ಟ್ ಭಾಗ ತೆಗೆದು ಸ್ಯಾವೇಜ್ ಭಾಗ ಹಾಕು, ಪಾರ್ಕರೈಸಿಂಗ್ ಕೆರೆದು ನೀಲಿ ಬಣ್ಣ ಬರಿಸು, ದುರಸ್ತಿಯ ಅಚ್ಚು ತಿಕ್ಕು. ಬಿಡಿಭಾಗಕ್ಕೇನೂ ಬರ ಇಲ್ಲ. 1951ರಲ್ಲಿ ನ್ಯೂಮ್‌ರಿಚ್ ಕಂಪನಿ ಆಟೋ ಆರ್ಡ್‌ನೆನ್ಸ್‌ನ ಉಳಿದ ಸರಕನ್ನೆಲ್ಲ ಕೊಂಡು ದಶಕಗಟ್ಟಲೆ ಬಿಡಿಯಾಗಿ ಮಾರಿತು. 1975ರಿಂದ ನ್ಯೂಯಾರ್ಕಿನ ವೆಸ್ಟ್ ಹರ್ಲಿಯಲ್ಲಿ ಹೊಸದಾಗಿ ಗನ್ ಮಾಡಿದ್ದೂ ಇದೇ ಬಳಗ. ಅದರ ಮೇಲೆ ವೆಸ್ಟ್ ಹರ್ಲಿ ಅಂತಲೇ ವಿಳಾಸ ಇರೋದರಿಂದ ಗುರುತು ಸುಲಭ. ಆಮೇಲೆ ಯುದ್ಧದಲ್ಲಿ ಸೋವಿಯತ್ ಒಕ್ಕೂಟಕ್ಕೆ ಕಳಿಸಿದ್ದ ಥಾಂಪ್ಸನ್‌ಗಳು. ಅಲ್ಲಿ ಪಾಯಿಂಟ್ 45 ಗುಂಡಿನ ಬಳಕೆ ಇಲ್ಲದ್ದರಿಂದ ಬಹಳಷ್ಟು ಹೊಸದರ ಹಾಗೇ ಉಳಿದಿದ್ದವು. 2000ದ ದಶಕದಲ್ಲಿ ಅವು ರಿಸೀವರ್ ಅನ್ನು ಗ್ಯಾಸ್ ಕಟರ್‌ನಿಂದ ತುಂಡು ಮಾಡಿಸಿಕೊಂಡು, ಬಿಡಿಭಾಗಗಳ ಕಿಟ್ ಆಗಿ ಅಮೆರಿಕಕ್ಕೆ ವಾಪಸ್ ಬಂದವು. ಹೀಗೆ ‘ನಿಜವಾದ ಹಳೇ ಭಾಗ’ ಇವತ್ತೂ ಸಿಗುತ್ತೆ. ಆದರೆ ಅದು ಆ ಗನ್ನಿನ ಭಾಗ ಅಲ್ಲ.

ಅದರಿಂದ ಏನು ಕಳೆದುಹೋಗುತ್ತೆ ಅಂತ ಕೇಳಿದರೆ ನಾನು ಎರಡು ಉದಾಹರಣೆ ಕೊಡ್ತೀನಿ.

1929ರ ಫೆಬ್ರವರಿ 14, ಶಿಕಾಗೋದ ಒಂದು ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದರು. ಸೇಂಟ್ ವ್ಯಾಲೆಂಟೈನ್ಸ್ ಡೇ ಹತ್ಯಾಕಾಂಡ. ಪೊಲೀಸ್ ಸಮವಸ್ತ್ರ ತೊಟ್ಟವರೂ ಕೊಂದವರಲ್ಲಿ ಇದ್ದದ್ದರಿಂದ ನಿಜವಾದ ಪೊಲೀಸರ ಮೇಲೂ ಅನುಮಾನ ಬಂತು. ಕ್ಯಾಲ್ವಿನ್ ಗೊಡಾರ್ಡ್ ಎಂಬ ತಜ್ಞ ಮೊದಲು ಶಿಕಾಗೋ ಪೊಲೀಸರ ಥಾಂಪ್ಸನ್‌ಗಳನ್ನು ಹಾರಿಸಿ ನೋಡಿ, ಅವು ಅಲ್ಲ ಅಂದ. ಅದೇ ವರ್ಷ ಡಿಸೆಂಬರ್‌ನಲ್ಲಿ ಮಿಷಿಗನ್‌ನಲ್ಲಿ ಒಬ್ಬ ಪೊಲೀಸನ ಕೊಲೆಯ ಬೆನ್ನು ಹತ್ತಿದವರಿಗೆ ಫ್ರೆಡ್ ಬರ್ಕ್ ಎಂಬಾತನ ಮನೆಯಲ್ಲಿ ಎರಡು ಥಾಂಪ್ಸನ್ ಸಿಕ್ಕವು. ಗೊಡಾರ್ಡ್ ಅವುಗಳಿಂದ ಹಾರಿಸಿದ ಗುಂಡನ್ನೂ ಗ್ಯಾರೇಜಿನಲ್ಲಿ ಸಿಕ್ಕ ಗುಂಡನ್ನೂ ಕಂಪ್ಯಾರಿಸನ್ ಮೈಕ್ರೋಸ್ಕೋಪಿನಲ್ಲಿ ಅಕ್ಕಪಕ್ಕ ಇಟ್ಟು, ಇವೇ ಅಂತ ತೋರಿಸಿದ. ಗುಂಡಿನ ಮೇಲಿನ ಗೀರು ಬರೋದು ನಳಿಗೆಯಿಂದ. ಖಾಲಿ ತೋಟಾದ ಹಿಂಬದಿಯ ಗುರುತು ಬರೋದು ಬೋಲ್ಟಿನಿಂದ. ಅಂದರೆ ಸಾಕ್ಷಿ ಹೇಳಿದ್ದು ಕಾನೂನು ‘ಗನ್’ ಅಂತ ಕರೆಯುವ ರಿಸೀವರ್ ಅಲ್ಲ, ‘ಬಿಡಿಭಾಗ’ ಅಂತ ಪಕ್ಕಕ್ಕಿಡುವ ನಳಿಗೆ ಮತ್ತು ಬೋಲ್ಟ್. ಆ ಎರಡು ಗನ್ ಮಿಷಿಗನ್‌ನ ಬೆರಿಯನ್ ಕೌಂಟಿ ಶೆರಿಫ್ ಕಚೇರಿಯ ಸುಪರ್ದಿನಲ್ಲಿವೆ.

ಎರಡನೆಯದು ನಮಗೆ ಹತ್ತಿರದ್ದು. ಬ್ರಿಟಿಷರು ತಮಗೆ ಬಂದ ಥಾಂಪ್ಸನ್‌ಗಳ ಪಟ್ಟಿ ಕಟ್ಟುವ ಬಳೆಯನ್ನು ಎಷ್ಟೋ ಕಡೆ ಜಾಗ ಬದಲಿಸಿದರು. ಬಟ್ ಕೆಳಗಿದ್ದದ್ದು ಮೇಲಕ್ಕೆ ಹೋಯ್ತು, ಮುಂದಿನದು ಹಿಡಿಯ ಪಕ್ಕಕ್ಕೆ ಬಂತು. ಮರದ ಕೆಳಗೆ ಹಳೇ ಸ್ಕ್ರೂ ತೂತುಗಳ ಗುರುತು ಉಳಿಯಿತು. ಮೈಮೇಲೆ ಅಲ್ಲಲ್ಲಿ ಬಾಣದ ತಲೆಯಂಥ ಬ್ರಿಟಿಷ್ ಸರ್ಕಾರಿ ಗುರುತು. ಬರ್ಮಾದಲ್ಲಿ ಜಪಾನೀಯರ ಎದುರು ಹೋರಾಡಿದ 14ನೇ ಸೈನ್ಯದಲ್ಲಿ ಬಹುಪಾಲು ಭಾರತೀಯ ಸೈನಿಕರು. ಅವರ ಕೈಯಲ್ಲಿ ಥಾಂಪ್ಸನ್ ಇತ್ತು. ಬ್ರಿಟಿಷ್ ಗುರುತಿನ ಪ್ರತಿಯೊಂದು ಗನ್ನೂ ಬರ್ಮಾ ನೋಡಿದೆ ಅಂತ ಅಲ್ಲ. ಆದರೆ ತೂತುಬಿದ್ದ ಆ ಕೊಳಕು ಬಟ್ ಅನ್ನು ತೆಗೆದು ಕಿಟ್‌ನಿಂದ ಬಂದ ಚೆಂದದ ಅಕ್ರೋಟು ಬಟ್ ಹಾಕಿದ ದಿನ, ಆ ಗನ್ ಎಲ್ಲಿಗೆ ಹೋಗಿತ್ತು ಅಂತ ಕೇಳುವ ದಾರಿಯೇ ಮುಚ್ಚಿತು. ರಿಸೀವರ್ ಮೇಲಿನ ನಂಬರ್ ಒಂದೇ ಅದನ್ನು ಹೇಳೋದಿಲ್ಲ.

ಇದಕ್ಕೇ ನನ್ನ ಅಭಿಪ್ರಾಯ ಹೀಗೆ: ತೀರಾ ಇತ್ತೀಚೆಗೆ ಯಾರೋ ಹಾಕಿದ ಹೊಸ ಭಾಗವನ್ನು ತೆಗೆಯಲಿ, ತಕರಾರಿಲ್ಲ. ಸೈನ್ಯ ಹಾಕಿದ ಭಾಗವನ್ನು ಮುಟ್ಟಬಾರದು. ತೆಗೆಯಲೇಬೇಕು ಅನಿಸಿದರೆ ತೆಗೆದದ್ದನ್ನು ಚೀಟಿ ಕಟ್ಟಿ ಅದೇ ಗನ್ ಜೊತೆ ಇಡಬೇಕು, ಮಾರುವಾಗ ಜೊತೆಗೇ ಕೊಡಬೇಕು. ಸಂಗ್ರಾಹಕರಲ್ಲೂ ಹೀಗೆ ಯೋಚಿಸುವವರು ಇದ್ದಾರೆ, ಮ್ಯಾಚಿಂಗ್ ನಂಬರ್‌ಗೆ ಪ್ರಾಣ ಬಿಡುವವರೂ ಇದ್ದಾರೆ.

ಆನ್‌ಸೈಟ್ ಅಂತ ಬಾಸ್ಟನ್ ಕಡೆ ಹೋಗುವವರಿದ್ದರೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಮ್ಯೂಸಿಯಂಗೆ ಒಂದು ಭಾನುವಾರ ಮೀಸಲಿಡಿ. ಇಂಗ್ಲೆಂಡಿನವರಿಗೆ ಲೀಡ್ಸ್‌ನ ರಾಯಲ್ ಆರ್ಮರೀಸ್. ಎಲ್ಲೇ ಆಗಲಿ, ಗಾಜಿನ ಹಿಂದೆ ಥಾಂಪ್ಸನ್ ಕಂಡರೆ ಮೊದಲು ಎಳೆಯುವ ಗುಬುಟು ನೋಡಿ, ತಲೆ ಮೇಲಾ, ಬಲಗಡೆನಾ. ಆಮೇಲೆ ನಳಿಗೆ, ಬಳೆ ಇದೆಯಾ, ಬೋಳಾ. ಆಮೇಲೆ ಹಿಂದಿನ ಸೈಟ್, ಲೈಮನ್ನಾ, ತಗಡಾ. ಆಮೇಲೆ ಬಣ್ಣ, ಹೊಳಪಾ, ಬೂದಿಯಾ. ಹತ್ತು ಸೆಕೆಂಡಿನಲ್ಲಿ ಅದರ ವಯಸ್ಸು ಅಂದಾಜಾಗುತ್ತೆ. ಅದಕ್ಕೆ ಹಾಕಿರುವ ಮ್ಯಾಗಜಿನ್ ಮಾತ್ರ ನಂಬಬೇಡಿ. ರೋಮನ್ ಅಂಕಿಯಲ್ಲಿ ‘ಎಲ್’ ಅಂದರೆ 50 ಗುಂಡಿನ ಡಬ್ಬಿ, ‘ಸಿ’ ಅಂದರೆ 100, ‘ಎಕ್ಸ್‌ಎಕ್ಸ್’ ಅಂದರೆ 20ರ ಉದ್ದನೆ ಪೆಟ್ಟಿಗೆ. ಅದು ಗನ್ನಿನಿಂದ ಗನ್ನಿಗೆ ಸುಲಭವಾಗಿ ಓಡಾಡುವ ವಸ್ತು. ಎಂ1 ಗನ್ನಿನ ಪಕ್ಕ ದುಂಡನೆ ಡಬ್ಬಿ ಇಟ್ಟಿದ್ದರೆ ಅದು ಸಿನಿಮಾ ನೋಡಿ ಬಂದವರ ಖುಷಿಗೆ ಇಟ್ಟದ್ದು, ಎಂ1ಗೆ ಅದು ಹಿಡಿಯೋದೇ ಇಲ್ಲ.

ಮುಂದಿನ ಸಲ ಸ್ಟೆನ್ ಗನ್. ನೋಡೋಕೆ ಕೊಳಾಯಿ ಪೈಪಿನ ಹಾಗಿರುವ ಅದರಲ್ಲಿ ಮೂಲ ಭಾಗ ಹುಡುಕೋದು ಇದಕ್ಕಿಂತ ದೊಡ್ಡ ತಲೆನೋವು. ಸಿಗೋಣ.